ಎದೆನೋವೇ ಇಲ್ಲದವರಿಗೆ ‘ಹಾರ್ಟ್ ಪ್ಯಾಕೇಜ್’ ಯಾಕೆ, ಸಚಿವರೇ?

ಮಾನ್ಯ ಆರೋಗ್ಯ ಸಚಿವರಿಗೆ,

ನಮಸ್ಕಾರ. 2025ರ ಮಳೆಗಾಲದ ಆರಂಭದಲ್ಲಿ ಹಾಸನದಿಂದ ಒಂದರ ಹಿಂದೊಂದು ಹಠಾತ್ ಸಾವಿನ ಸುದ್ದಿ ಬಂದಾಗ ಜನ ಜಯದೇವ ಹೃದ್ರೋಗ ಆಸ್ಪತ್ರೆಗೆ ಮುಗಿಬಿದ್ದರು. ಆ ಗಾಬರಿಯ ಬೆನ್ನೇರಿದ ವ್ಯಾಪಾರ ಮಾತ್ರ ಇನ್ನೂ ಇಳಿದಿಲ್ಲ. ನಮ್ಮ ಬೀದಿಯ ಲ್ಯಾಬಿನ ಬ್ಯಾನರ್ ನೋಡಿ: ಇಸಿಜಿ, ಎಕೋ (ಹೃದಯದ ಅಲ್ಟ್ರಾಸೌಂಡ್), ಟಿಎಂಟಿ (ಟ್ರೆಡ್‌ಮಿಲ್ ಮೇಲೆ ನಡೆಸುತ್ತಾ ತೆಗೆಯುವ ಇಸಿಜಿ) ಮೂರೂ ಸೇರಿ ಒಂದು ‘ಹಾರ್ಟ್ ಪ್ಯಾಕೇಜ್’. ಗಂಡ-ಹೆಂಡತಿ ಒಟ್ಟಿಗೆ ಬಂದರೆ ರಿಯಾಯಿತಿ ಬೇರೆ!

‘ಎಕೋ ನಾರ್ಮಲ್, ಬ್ಲಾಕ್ ಇಲ್ಲ’ ಎಂದು ಎಷ್ಟೋ ಜನ ನಿರಾಳರಾಗುತ್ತಾರೆ. ಎಕೋದಲ್ಲಿ ಕಾಣುವುದು ಹೃದಯದ ಸ್ನಾಯು ಹೇಗೆ ಬಡಿಯುತ್ತಿದೆ, ಕವಾಟಗಳು ಹೇಗಿವೆ ಎಂಬುದು. ರಕ್ತನಾಳದೊಳಗಿನ ಬ್ಲಾಕ್ ಅದರಲ್ಲಿ ನೇರವಾಗಿ ಕಾಣುವುದಿಲ್ಲ. ಟಿಎಂಟಿಯದು ಇನ್ನೊಂದು ಕತೆ. ಯಾವ ಲಕ್ಷಣವೂ ಇಲ್ಲದ, ಅಪಾಯ ಕಡಿಮೆಯಿರುವವರಲ್ಲಿ ‘ಪಾಸಿಟಿವ್’ ಬಂದರೆ ಅದು ಸುಳ್ಳಾಗಿರುವ ಸಂಭವವೇ ಹೆಚ್ಚು. ಆ ರಿಪೋರ್ಟ್ ಕೈಗೆ ಬಂದ ಮೇಲೆ ಮನೆಯವರು ಸುಮ್ಮನಿರುತ್ತಾರೆಯೇ? ಹೃದಯದ ಸಿ.ಟಿ. ಸ್ಕ್ಯಾನ್, ಆಮೇಲೆ ರಕ್ತನಾಳಕ್ಕೆ ಕೊಳವೆ ತೂರಿಸಿ ಮಾಡುವ ಆಂಜಿಯೋಗ್ರಾಮ್, ಒಮ್ಮೊಮ್ಮೆ ಬೇಡದ ಸ್ಟೆಂಟ್.

ಸಿ.ಟಿ.ಯನ್ನು ಹಳಿಯುತ್ತಿಲ್ಲ. ಸ್ಕಾಟ್ಲೆಂಡಿನ ‘ಸ್ಕಾಟ್-ಹಾರ್ಟ್’ ಅಧ್ಯಯನದಲ್ಲಿದ್ದವರು 4,146 ಮಂದಿ. ಮಾಮೂಲಿ ತಪಾಸಣೆಯ ಜೊತೆಗೆ ಸಿ.ಟಿ. ಆಂಜಿಯೋಗ್ರಾಮ್ (ಹೃದಯದ ರಕ್ತನಾಳಗಳ ಸಿ.ಟಿ. ಸ್ಕ್ಯಾನ್) ಕೂಡ ಆದವರಲ್ಲಿ 5 ವರ್ಷಗಳಲ್ಲಿ ಹೃದಯಾಘಾತ ಅಥವಾ ಹೃದ್ರೋಗದ ಸಾವು ಕಂಡವರು ಶೇ 2.3, ಉಳಿದವರಲ್ಲಿ ಶೇ 3.9. ಸ್ಟೆಂಟ್, ಬೈಪಾಸ್ ಎರಡೂ ಗುಂಪಿನಲ್ಲಿ ಹೆಚ್ಚುಕಡಿಮೆ ಒಂದೇ. ಸಿ.ಟಿ. ಗುಂಪಿನಲ್ಲಿ ಹೆಚ್ಚು ಜನರಿಗೆ ಶುರುವಾದದ್ದು ಹೃದಯಾಘಾತ ತಡೆಯುವ ಮಾತ್ರೆ. ಆದರೆ ಇವರೆಲ್ಲ ಎದೆನೋವು ಎಂದು ವೈದ್ಯರ ಬಳಿ ಬಂದವರು, ಬ್ಯಾನರ್ ನೋಡಿ ಬಂದವರಲ್ಲ. ಡೆನ್ಮಾರ್ಕಿನಲ್ಲಿ 65ರಿಂದ 74 ವಯಸ್ಸಿನ ಗಂಡಸರನ್ನು ಕರೆಕರೆದು ಸಿ.ಟಿ. ಸೇರಿದಂತೆ ತಪಾಸಣೆ ಮಾಡಿದರು. 2022ರಲ್ಲಿ ಫಲಿತಾಂಶ ಬಂದಾಗ, ಒಟ್ಟು ಸಾವು ಖಚಿತವಾಗಿ ತಗ್ಗಿತು ಎನ್ನಲು ಪುರಾವೆ ಸಿಗಲಿಲ್ಲ.

ಕೆಪಿಎಂಇ (ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ) ಕಾಯ್ದೆಯಡಿ ಖಾಸಗಿಯವರು ದರಪಟ್ಟಿ ತೂಗುಹಾಕಬೇಕಲ್ಲ, ಅದರ ಪಕ್ಕದಲ್ಲೇ ಯಾವ ಪರೀಕ್ಷೆ ಯಾರಿಗೆ ಬೇಕು, ಯಾರಿಗೆ ಬೇಡ ಎಂದು ಕನ್ನಡದಲ್ಲಿ ಬರೆಸಿ. ಕಾರಣ ನಮೂದಿಸಿದ ವೈದ್ಯರ ಚೀಟಿಯಿಲ್ಲದೆ ಟಿಎಂಟಿ, ಸಿ.ಟಿ. ಮಾಡಕೂಡದೆಂದು ಸುತ್ತೋಲೆ ಹೊರಡಿಸಿ. ಯಾರಿಗೆ ಯಾವ ಪರೀಕ್ಷೆ ಎಂಬ ಪಟ್ಟಿಯನ್ನು ಜಯದೇವದ ತಜ್ಞರೇ ಮಾಡಿಕೊಡಬಲ್ಲರು.

ಇನ್ನು ದುಡ್ಡಿನ ಮಾತು. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ಎದೆನೋವೆಂದು ಬಂದವರಿಗೆ ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ, ಅಗತ್ಯವಿದ್ದರೆ ಹೆಪ್ಪುಗಟ್ಟಿದ ರಕ್ತ ಕರಗಿಸುವ ಟೆನೆಕ್ಟಿಪ್ಲೇಸ್ ಚುಚ್ಚುಮದ್ದು ಉಚಿತ. ನೋವಿರುವಾಗಲೇ ತೆಗೆದ ಆ ಇಸಿಜಿಯಿಂದ ಜೀವ ಉಳಿದೀತು. ಹೊಸ ಸ್ಕ್ಯಾನಿಂಗ್ ಶಿಬಿರಗಳಿಗೆ ಹಣ ಕೊಡುವ ಮೊದಲು, ರಾತ್ರಿ ಎರಡು ಗಂಟೆಗೂ ಇಸಿಜಿ ತೆಗೆಯುವ ಸಿಬ್ಬಂದಿ ಪ್ರತಿ ತಾಲ್ಲೂಕಿನಲ್ಲೂ ಇದ್ದಾರೆಯೇ ಎಂದು ಒಮ್ಮೆ ವಿಚಾರಿಸಿ.

ಇತಿ,
ಒಬ್ಬ ನಾಗರಿಕ