ಜಿಲ್ಲಾಧಿಕಾರಿಗಳೇ, ನಮ್ಮ ಬಾವಿಗೆ ಪೆಟ್ರೋಲ್ ಬಂದಿದೆ

ಮಾನ್ಯ ಜಿಲ್ಲಾಧಿಕಾರಿಗಳಿಗೆ ನಮಸ್ಕಾರ.

ಕೊಟ್ಟ ಅರ್ಜಿಗಳಿಗೆಲ್ಲ ನಿಮ್ಮ ಕಚೇರಿಯ ಸೀಲು ಬಿದ್ದಿದೆ, ಉತ್ತರ ಮಾತ್ರ ಬಂದಿಲ್ಲ. ಅದಕ್ಕೇ ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ. ನಮ್ಮ ಮನೆ ಎದುರಿನ ಪೆಟ್ರೋಲ್ ಬಂಕ್‌ನ ನೆಲದಡಿಯ ಟ್ಯಾಂಕ್ ಸೋರುತ್ತಿದೆಯೋ ಇಲ್ಲವೋ, ಪರೀಕ್ಷೆ ಮಾಡಿಸಿ.

ಮಳೆ ಜೋರಿರುವ ಆಟಿ ತಿಂಗಳಲ್ಲಿ ನಮ್ಮ ಕಡೆ ಬಾವಿ ನೀರು ಬಗ್ಗಿದರೆ ಕೈಗೆ ಸಿಗುತ್ತದೆ. ಪೆಟ್ರೋಲ್ ನೀರಿಗಿಂತ ಹಗುರ, ನೀರಿನ ಜೊತೆ ಅದೂ ಮೇಲೆ ಬರುತ್ತದೆ. ಬೆಳಿಗ್ಗೆ ಕೊಡಪಾನ ಇಳಿಸಿದರೆ ಬಣ್ಣಬಣ್ಣದ ಪೊರೆ ಸರಿದು ಮತ್ತೆ ಕೂಡಿಕೊಳ್ಳುತ್ತದೆ. ಹಗ್ಗಕ್ಕೂ ವಾಸನೆ, ಅನ್ನಕ್ಕೂ ವಾಸನೆ. ಬಚ್ಚಲೊಲೆಗೆ ಬೆಂಕಿ ಹಾಕಲು ಅತ್ತೆ ಹೆದರುತ್ತಾರೆ. ಕುಡಿಯಲು ದುಡ್ಡು ಕೊಟ್ಟು ಟ್ಯಾಂಕರ್ ನೀರು. ಹೊರಗೆ ಧೋ ಅಂತ ಮಳೆ, ಒಳಗೆ ನೀರಿಗೆ ಬರ. ಚೆನ್ನಾಗಿದೆ ಅಲ್ವಾ?

ಕೊನೆಗೂ ಒಬ್ಬ ಅಧಿಕಾರಿ ಬಂದರು. ಹಳೇ ಪ್ಲಾಸ್ಟಿಕ್ ಬಾಟಲಿಯಲ್ಲಿ ಅರ್ಧ ನೀರು ತುಂಬಿಕೊಂಡು ಹೋದರು. ಪೆಟ್ರೋಲಿನಲ್ಲಿರುವ ಬೆಂಜೀನ್ ಕ್ಯಾನ್ಸರ್ ತರುತ್ತದೆ. ಅದು ಗಾಳಿಗೆ ಹಾರಿಹೋಗುತ್ತದೆ ಕೂಡ. ಅದಕ್ಕೇ ನೀರನ್ನು ಗಾಜಿನ ಸೀಸೆಯಲ್ಲಿ ಒಂದು ಗುಳ್ಳೆಯೂ ಉಳಿಯದ ಹಾಗೆ ತುಂಬಿ, ತಣ್ಣಗಿಟ್ಟು ಒಯ್ಯಬೇಕು. ನಿಮಗೆ ಗೊತ್ತಿರದ್ದೇನಲ್ಲ. ಆಮೇಲೆ ವರದಿ ಬಂತು. ಗಡಸುತನ ನೋಡಿದ್ದಾರೆ, ಕ್ಲೋರೈಡ್ ನೋಡಿದ್ದಾರೆ, ಕೋಲಿಫಾರ್ಮ್ ಬ್ಯಾಕ್ಟೀರಿಯಾ ನೋಡಿದ್ದಾರೆ, ಪೆಟ್ರೋಲಿನ ಸುದ್ದಿಯೇ ಇಲ್ಲ! ಕೆಳಗೆ ಷರಾ: 'ಕುಡಿಯಲು ಯೋಗ್ಯ'. ಅದೇ ಬಾವಿಯ ನೀರು ಹಿಡಿದು ಅವರ ಟೇಬಲ್ ಮುಂದೆ ನಿಂತೆ. ಒಂದು ಲೋಟ ಕುಡೀರಿ ಸಾರ್ ಎಂದೆ. "ನನಗೆ ಶುಗರ್ ಇದೆಯಮ್ಮ" ಎಂದರು. ನೀರಿಗೂ ಶುಗರಿಗೂ ಏನು ಸಂಬಂಧವೋ ದೇವರೇ ಬಲ್ಲ. ಹೊರಡುವಾಗ ಒಂದು ಸಲಹೆ ಬೇರೆ: ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಿ.

ಟ್ಯಾಂಕ್ ಪರೀಕ್ಷೆ ಮಾಡಿಸಿ ಸ್ವಾಮಿ. ಬ್ಲೀಚಿಂಗ್ ಪೌಡರ್ ನಮ್ಮನೆಯಲ್ಲೂ ಇದೆ.

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ 2020ರ ಮಾರ್ಗಸೂಚಿ ನಿಮಗೆ ಬಾಯಿಪಾಠ ಇರಬೇಕು. ಹೊಸ ಬಂಕ್ ವಸತಿ ಪ್ರದೇಶದಿಂದ 50 ಮೀಟರ್ ದೂರ ಇರಬೇಕು, ಏನೇ ಅಡಚಣೆ ಇದ್ದರೂ 30 ಮೀಟರಿಗಿಂತ ಹತ್ತಿರ ಬರಬಾರದು. ನಮ್ಮದು ಹಳೇ ಬಂಕ್, ಅದಕ್ಕೆ ಇದು ಅನ್ವಯಿಸುವುದಿಲ್ಲವಂತೆ. ತುಕ್ಕು ಜಾಸ್ತಿ ಹಿಡಿಯುವುದು ಹೊಸ ಟ್ಯಾಂಕಿಗೋ ಹಳೇದಕ್ಕೋ, ನೀವೇ ಹೇಳಿ.

ತಂಜಾವೂರು ಜಿಲ್ಲೆಯ ಕದಿರಾಮಂಗಲದಲ್ಲಿ 2017ರಲ್ಲಿ ಕಚ್ಚಾ ತೈಲದ ಪೈಪು ಸೋರಿದಾಗ, ನೆಲದ ನೀರು ಕೆಡುತ್ತದೆ ಎಂದು ಜನ ಬೀದಿಗಿಳಿದರು. ನಾವು ನಾಲ್ಕಾರು ಮನೆಯವರು ಬೀದಿಗಿಳಿದರೆ ಬಸ್ಸೂ ನಿಲ್ಲುವುದಿಲ್ಲ. ಆದರೆ ಇದು ಮುರಕಲ್ಲಿನ ನೆಲ, ಪೂರ್ತಿ ತೂತು. ಇಳಿಜಾರಿನ ಕೆಳಗೆ ಇನ್ನೂ ಬಾವಿಗಳಿವೆ, ಅಂಗನವಾಡಿಯದ್ದೂ ಸೇರಿ.

ಟ್ಯಾಂಕಿಗೆ ಸೋರಿಕೆ ಪರೀಕ್ಷೆ ಮಾಡಿಸಿ. ಬಾವಿ ನೀರಿನಲ್ಲಿ ಬೆಂಜೀನ್ ಇದೆಯೇ ನೋಡಿಸಿ. ಎರಡೂ ವರದಿಯನ್ನು ಪಂಚಾಯಿತಿ ಬೋರ್ಡಿಗೆ ಹಾಕಿಸಿ. ಸುಮ್ನೆ ಭರವಸೆ ಬೇಡ. ಮಳೆ ಮುಗಿದು ನೀರು ಕೆಳಗಿಳಿಯುವ ಮೊದಲೇ ಮಾಡಿಸಿ. ಆಮೇಲೆ ಬಂದರೆ "ವಾಸನೆಯೇ ಇಲ್ಲವಲ್ಲಮ್ಮ" ಎನ್ನುತ್ತಾರೆ ನಿಮ್ಮವರು.

ಇತಿ,
ಬಂಕ್ ಎದುರಿನ ಮನೆಯವಳು