ಸೂತ್ರಕ್ಕಿಂತ ಮೊದಲು ಎರಡು ವೃತ್ತ ಬರೆಸಿ

ಮಾನ್ಯ ಸಂಪಾದಕರೇ,

ಬಸವನಗುಡಿಯ ನಮ್ಮ ಮನೆಯಲ್ಲಿ ಸಂಜೆ ಹೊತ್ತು ಪಿಯು ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ. ಸಂಭವನೀಯತೆ ಪಾಠ ಬಂದರೆ ಪ್ರತಿ ವರ್ಷ ಅದೇ ತೊಡಕು. ಎರಡರಲ್ಲಿ ಒಂದಾದರೂ ಆಗುವ ಸಂಭವನೀಯತೆಗೆ ಎರಡರದ್ದನ್ನೂ ಕೂಡಿ, ಎರಡೂ ಒಟ್ಟಿಗೆ ಆಗುವುದನ್ನು ಕಳೆಯುವ ಸೂತ್ರ ಬಾಯಿಪಾಠ ಇರುತ್ತದೆ, ಕೊನೆಯಲ್ಲಿ ಯಾಕೆ ಕಳೆಯುತ್ತೀರಿ ಅಂತ ಕೇಳಿದರೆ ಎಲ್ಲರೂ ಮೌನ.

ಮೊನ್ನೆ ಒಂದು ಲೆಕ್ಕ ಕೊಟ್ಟೆ. ತರಗತಿಯಲ್ಲಿ 40 ಮಕ್ಕಳು, 24 ಜನ ಬಿಎಂಟಿಸಿ ಬಸ್ಸು ಹತ್ತುತ್ತಾರೆ, 17 ಜನ ಮೆಟ್ರೋ, ಇವರಲ್ಲಿ 8 ಜನ ಎರಡನ್ನೂ ಹತ್ತುತ್ತಾರೆ. ಚೀಟಿ ಎತ್ತಿ ಒಬ್ಬರನ್ನು ಆರಿಸಿದರೆ, ಅವರು ಬಸ್ಸನ್ನಾದರೂ ಮೆಟ್ರೋವನ್ನಾದರೂ ಹತ್ತುವವರಾಗಿರುವ ಸಂಭವನೀಯತೆ ಎಷ್ಟು? ಒಬ್ಬ ಹುಡುಗಿ 24ಕ್ಕೆ 17 ಕೂಡಿ 41/40 ಅಂತ ಬರೆದಳು. ಸಂಭವನೀಯತೆ 1ನ್ನು ದಾಟುವುದೇ ಇಲ್ಲ, ಅಲ್ವಾ? ನಾನು ಸೂತ್ರ ನೆನಪಿಸಲಿಲ್ಲ. ಒಂದು ಆಯತ, ಅದರೊಳಗೆ ಒಂದರ ಮೇಲೊಂದು ಸ್ವಲ್ಪ ಕೂರುವ ಎರಡು ವೃತ್ತ ಬರೆಸಿದೆ, ಇದನ್ನೇ ವೆನ್ ಚಿತ್ರ ಅನ್ನುತ್ತಾರೆ. ಮೊದಲು ನಡುವಿನ ಜಾಗದಲ್ಲಿ 8 ಬರೆ ಅಂದೆ. ಯಾವಾಗಲೂ ನಡುವಿನಿಂದಲೇ ತುಂಬುತ್ತಾ ಹೊರಗೆ ಬರಬೇಕು, ಇಲ್ಲದಿದ್ದರೆ ಎಡವುತ್ತಾರೆ. ಆಮೇಲೆ ಬಸ್ಸು ಮಾತ್ರ 16, ಮೆಟ್ರೋ ಮಾತ್ರ 9, ಎರಡೂ ವೃತ್ತದ ಆಚೆ 7. ಆ 8 ಜನರನ್ನು ಎರಡು ಸಲ ಎಣಿಸಿದ್ದೇನೆ ಅಂತ ಅವಳೇ ಹೇಳಿದಳು. ಉತ್ತರ 33/40.

ಅದೇ ಚಿತ್ರ ಇನ್ನೂ ಜಾಸ್ತಿ ಹೇಳುತ್ತದೆ. ಬಸ್ಸು ಹತ್ತುವವರೇ ಅಂತ ಗೊತ್ತಿದ್ದರೆ ಅವರು ಮೆಟ್ರೋವನ್ನೂ ಹತ್ತುವ ಸಂಭವನೀಯತೆ? ಬಸ್ಸಿನ ವೃತ್ತ ಬಿಟ್ಟು ಉಳಿದದ್ದನ್ನು ಕೈಯಿಂದ ಮುಚ್ಚಿದರೆ ಆಯಿತು, 24ರಲ್ಲಿ 8, ಅಂದರೆ 1/3. ಮಕ್ಕಳು ಭಯಪಡುವ ಷರತ್ತುಬದ್ಧ ಸಂಭವನೀಯತೆ ಇಷ್ಟೇ! ಇನ್ನು ಕೆಲವರು ನಡುವಿನ ಭಾಗಕ್ಕೆ ಸುಮ್ನೆ ಎರಡು ಸಂಭವನೀಯತೆ ಗುಣಿಸಿಬಿಡುತ್ತಾರೆ. ಬಸ್ಸಿನ 24/40, ಅಂದರೆ 0.6ನ್ನು ಮೆಟ್ರೋದ 17/40, ಅಂದರೆ 0.425ರಿಂದ ಗುಣಿಸಿದರೆ 0.255 ಬರುತ್ತದೆ, ಚಿತ್ರದಲ್ಲಿರುವುದು 8/40, ಅಂದರೆ 0.2. ಒಂದು ಇನ್ನೊಂದನ್ನು ಅವಲಂಬಿಸದಿದ್ದಾಗ ಮಾತ್ರ ಗುಣಿಸಬಹುದು.

ಇಂಗ್ಲೆಂಡಿನ ಜಾನ್ ವೆನ್ 1880ರಲ್ಲಿ ಈ ಚಿತ್ರಗಳ ಬಗ್ಗೆ ಬರೆದದ್ದು ತರ್ಕಶಾಸ್ತ್ರಕ್ಕಾಗಿ. ನಮ್ಮಲ್ಲಿ ಗಣಗಳ ಪಾಠದಲ್ಲಿ ಅವನ್ನು ಕಲಿಸುತ್ತಾರೆ, ಸಂಭವನೀಯತೆಗೆ ಬರುವ ಹೊತ್ತಿಗೆ ಮಕ್ಕಳು ಮರೆತಿರುತ್ತಾರೆ. ಒಂದು ಹುಡುಗ ಚಿತ್ರದಿಂದಲೇ ಸರಿ ಉತ್ತರ ತಂದಿದ್ದಕ್ಕೆ, ಸೂತ್ರ ಬರೆದಿಲ್ಲ ಅಂತ ಅಂಕ ಕಳೆದಿದ್ದನ್ನೂ ನೋಡಿದ್ದೇನೆ. ತುಂಬಾ ಬೇಸರವಾಯಿತು.

ದಯವಿಟ್ಟು ನಿಮ್ಮ ಪತ್ರಿಕೆಯಲ್ಲಿ ವಾರಕ್ಕೊಂದು ಇಂಥ ಲೆಕ್ಕ ಹಾಕಿ. ಪಕ್ಕದಲ್ಲಿ ಎರಡು ವೃತ್ತವನ್ನು ಖಾಲಿ ಬಿಡಿ, ಮಕ್ಕಳು ಪೆನ್ಸಿಲ್ ಹಿಡಿದು ತುಂಬಲಿ.

– ಗಣಿತ ಹೇಳಿಕೊಡುವ ಒಬ್ಬ ಓದುಗ, ಬಸವನಗುಡಿ, ಬೆಂಗಳೂರು