ಮೂರು ಸಲ ಕೂತು ಜಾತ್ರೆ ಮುಟ್ಟಿದೆ

ಈ ಸಲದ ಎಳ್ಳಮಾವಾಸ್ಯೆ ಜಾತ್ರೆಗೆ ಕುರುವಳ್ಳಿ ಕಡೆಯಿಂದ ಕಮಾನು ಸೇತುವೆ ದಾಟಿ ತೀರ್ಥಹಳ್ಳಿ ಪೇಟೆಗೆ ನಡೆದೇ ಬಂದೆ. ದಾರಿಯಲ್ಲಿ ಮೂರು ಸಲ ಕೂತೆ. ಹಿಂದಿನ ಎರಡು ಜಾತ್ರೆಗೂ ಮನೆಯಲ್ಲೇ ಉಳಿದವಳು ನಾನು. ಹಾಗಾಗಿ ಒಂದಿಷ್ಟು ಜನರಿಗೆ ಥ್ಯಾಂಕ್ಸ್ ಹೇಳಲೇಬೇಕು.

ನನ್ನ ಕಾಯಿಲೆ ವಿಚಿತ್ರ. ಅಡಿಕೆ ಸುಗ್ಗಿಯಲ್ಲಿ ಮೆಟ್ಟುಗತ್ತಿ ಮುಂದೆ ರಾತ್ರಿ ಹನ್ನೊಂದರವರೆಗೆ ಬಗ್ಗಿ ಕೂತು ಸುಲಿದರೂ ಏನೂ ಆಗುತ್ತಿರಲಿಲ್ಲ. ಒಲೆ ಮುಂದೆ ಹತ್ತು ನಿಮಿಷ ನಿಂತರೆ ಎರಡೂ ಕಾಲು ಭಾರ, ಪಾದ ಜೋಮು. ತೋಟದ ದಿಬ್ಬ ಹತ್ತುವಾಗ ಆರಾಮ, ಇಳಿಯುವಾಗ ಪ್ರಾಣ ಹೋದ ಹಾಗೆ. "ಕೂತರೆ ನೋವಿಲ್ಲ, ನಿಂತರೆ ನೋವಂತೆ! ಕೆಲಸ ತಪ್ಪಿಸೋ ಉಪಾಯ" ಅಂತ ಹತ್ತಿರದವರೊಬ್ಬರು ಅಂದಿದ್ದರು. ಅವರಿಗೆ ಥ್ಯಾಂಕ್ಸ್ ಇಲ್ಲ ಬಿಡಿ.

ಶಿವಮೊಗ್ಗದ ಡಾಕ್ಟ್ರು ಎಂಆರ್‌ಐ ಫಿಲ್ಮನ್ನು ಬೆಳಕಿಗೆ ಹಿಡಿದು ತೋರಿಸಿದರು. ಸೊಂಟದ ಹತ್ತಿರ ನರಗಳು ಇಳಿಯುವ ದಾರಿ ಇಕ್ಕಟ್ಟಾಗಿದೆ. ವಯಸ್ಸಿಗೆ ಕೀಲು ದಪ್ಪಗಾಗಿದೆ, ಡಿಸ್ಕ್ ಉಬ್ಬಿದೆ. ಮುಂದಕ್ಕೆ ಬಗ್ಗಿದರೆ ಆ ದಾರಿ ಸ್ವಲ್ಪ ಅಗಲವಾಗುತ್ತದೆ, ಹಿಂದಕ್ಕೆ ವಾಲಿದರೆ ಇನ್ನೂ ಇಕ್ಕಟ್ಟು. ಸ್ಪೈನಲ್ ಸ್ಟೆನೋಸಿಸ್ ಅಂತ ಹೆಸರು. ನಾನು ಸುಳ್ಳು ಹೇಳ್ತಿರಲಿಲ್ಲ ಅಂತ ಗೊತ್ತಾಗಿ ಅಲ್ಲೇ ಅಳು ಬಂತು.

ಕಾಲಿನ ಶಕ್ತಿ, ಮೂತ್ರದ ಹಿಡಿತ ಸರಿಯಿದ್ದದ್ದರಿಂದ ಅವರು ಆಪರೇಷನ್‌ಗೆ ಅವಸರ ಮಾಡಲಿಲ್ಲ. ಪಾದ ಎತ್ತಲು ಆಗದಿದ್ದರೆ, ಕೂರುವ ಜಾಗ ಮರಗಟ್ಟಿದರೆ, ಮೂತ್ರ ಕಟ್ಟಿದರೆ ಅಥವಾ ಹಿಡಿತ ತಪ್ಪಿದರೆ ಅವತ್ತೇ ಬರಬೇಕು ಅಂತ ಚೀಟಿ ಹಿಂದೆ ಬರೆದುಕೊಟ್ಟರು. ಆ ಚೀಟಿ ಈಗಲೂ ಫ್ರಿಜ್ ಬಾಗಿಲ ಮೇಲಿದೆ. ಸೊಂಟಕ್ಕೆ ಒಂದು ಸಲ ಇಂಜೆಕ್ಷನ್ ಆಯ್ತು. ಎರಡು ತಿಂಗಳು ಹಗುರ, ಆಮೇಲೆ ಮತ್ತೆ ಅದೇ ರಾಗ.

ಜಾಸ್ತಿ ಋಣ ಇರೋದು ಫಿಸಿಯೋಥೆರಪಿ ಹುಡುಗಿಗೆ. ಮಲಗಿ ಮೊಣಕಾಲನ್ನು ಎದೆಗೆ ಎಳೆದುಕೊಳ್ಳೋದು, ಹೊಟ್ಟೆ ಬಿಗಿ ಹಿಡಿದು ಸೊಂಟವನ್ನು ಹಾಸಿಗೆಗೆ ಒತ್ತೋದು, ನಿಂತಲ್ಲೇ ನಿಲ್ಲೋ ಸೈಕಲ್ ತುಳಿಯೋದು ಎಲ್ಲ ಕಲಿಸಿದಳು. ಆದರೆ ನನ್ನನ್ನು ಕಾಪಾಡಿದ್ದು ಅವಳ ಒಂದು ಮಾತು: "ನೋವು ಬಂದ ಮೇಲೆ ಕೂರಬೇಡಿ ಅಮ್ಮಾ, ಬರೋ ಮೊದಲೇ ಕೂರಿ." ನಾಲ್ಕು ನಿಮಿಷ ನಡೆಯೋದು, ಒಂದು ನಿಮಿಷ ಕೂರೋದು. ಗೇಟಿನಿಂದ ಹಾಲಿನ ಡೈರಿವರೆಗೆ ಶುರು ಮಾಡಿದೆ. ಡೈರಿಯವರು ಕ್ರೇಟ್ ಬೋರಲು ಹಾಕಿ ಇಡ್ತಿದ್ದರು, ಕೇಳದೆಯೇ. ಮಳೆಗಾಲದಲ್ಲಿ ಜಗಲಿಯಲ್ಲೇ ಸುತ್ತು. ಹೀಗೆ 14 ತಿಂಗಳು.

ಕೈ ಮೇಲೆತ್ತಿದರೆ ಬೆನ್ನು ಹಿಂದಕ್ಕೆ ಬಾಗುತ್ತೆ ಅಂತ ಮಗ ಬಟ್ಟೆ ಹಗ್ಗವನ್ನು ಎದೆಮಟ್ಟಕ್ಕೆ ಇಳಿಸಿದ. ಒಲೆ ಹತ್ತಿರ ಒಂದು ಕಾಲಿಡಲು ಮಣೆ ಬಂತು. ನಮ್ಮನೆಯವರು 66ನೇ ವಯಸ್ಸಿಗೆ ಅಕ್ಕಿರೊಟ್ಟಿ ತಟ್ಟೋದು ಕಲಿತರು. ಅಂಚು ಒಡೆಯುತ್ತೆ. ನಾನು ಬಾಯಿ ಬಿಡೋದಿಲ್ಲ.

ನೋವು ಪೂರ್ತಿ ಹೋಗಿಲ್ಲ, ಇಕ್ಕಟ್ಟೂ ಹಾಗೇ ಇದೆ. ನನ್ನ ವಾರಗಿತ್ತಿಗೆ ಪಾದದ ಶಕ್ತಿಯೇ ಕುಂದಿತ್ತು, ಆಪರೇಷನ್ ಮಾಡಿಸಿಕೊಂಡು ಈಗ ಚೆನ್ನಾಗಿದ್ದಾಳೆ. ಅವಳದು ಅವಳಿಗೆ, ನನ್ನದು ನನಗೆ.

ಮೂರನೇ ಸಲ ಕೂತದ್ದು ಜಾತ್ರೆಯ ಬಳೆ ಅಂಗಡಿಯಲ್ಲಿ. ನಾನು ಸುಮ್ನೆ ಕಂಬ ಹಿಡಿದು ಬಗ್ಗಿದ್ದೆ. ಅಂಗಡಿಯವಳು ಪೆಟ್ಟಿಗೆ ಸರಿಸಿ "ಕೂರಿ ಅಕ್ಕ" ಅಂದಳು. ಬೇಡದಿದ್ದರೂ ಒಂದು ಡಜನ್ ಹಸಿರು ಬಳೆ ತಗೊಂಡೆ. ಮುಂದಿನ ವರ್ಷವೂ ಅದೇ ಜಾಗದಲ್ಲಿ ಅಂಗಡಿ ಹಾಕು ಮಾರಾಯ್ತಿ, ನಾನು ಬರ್ತೀನಿ.